ದಿನ ತುಂಬದ ಕೂಸಿನ ಉಸಿರು

(ಜಿಲ್ಲಾ ಕೇಂದ್ರದ ವಿಚಾರಗೋಷ್ಠಿಯೊಂದರಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಪಾಠ)



ಭೂಮಿ, ಕೂಲಿ, ಬೆಲೆ ಏರಿಕೆ ಇವುಗಳನ್ನು ಚರ್ಚಿಸಿ ಪಳಗಿದ ಈ ಸಭೆಗೆ ನನ್ನ ಇಂದಿನ ವಿಷಯ ಚಿಕ್ಕದೆಂದು ತೋರಬಹುದು. ಒಂದೂವರೆ ಕಿಲೋ ತೂಕದ ಕೂಸೊಂದರ ಉಸಿರಾಟದ ವಿಷಯ ಅದು. ಆದರೆ ಈ ಚಿಕ್ಕ ಉಸಿರಿನ ಕಥೆಯಲ್ಲಿ ವಿಜ್ಞಾನವೂ ಇದೆ, ಸಮಾಜದ ನ್ಯಾಯದ ಪ್ರಶ್ನೆಯೂ ಇದೆ. ಎರಡನ್ನೂ ತಮ್ಮ ಮುಂದಿಡಲು ಪ್ರಯತ್ನಿಸುತ್ತೇನೆ.

೩೭ ವಾರ ತುಂಬುವ ಮೊದಲೇ ಹುಟ್ಟಿದ ಕೂಸನ್ನು ದಿನ ತುಂಬದ ಕೂಸು ಎನ್ನುತ್ತೇವೆ. ೨೦೨೦ರ ಒಂದೇ ವರ್ಷದಲ್ಲಿ ಲೋಕದಲ್ಲಿ ಇಂತಹ ಸುಮಾರು ೧ ಕೋಟಿ ೩೪ ಲಕ್ಷ ಕೂಸುಗಳು ಹುಟ್ಟಿದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅವುಗಳಲ್ಲಿ ಸುಮಾರು ೩೦ ಲಕ್ಷ ನಮ್ಮ ದೇಶದವು. ಬೇರಾವ ದೇಶದಲ್ಲೂ ಇಷ್ಟಿಲ್ಲ. ಅಂದಮೇಲೆ ಇದು ಎಲ್ಲೋ ಒಂದು ಮನೆಯ ದುರದೃಷ್ಟವೆಂದು ಬಿಡುವ ವಿಷಯವಲ್ಲ.

ಉಸಿರು ಕಟ್ಟುವುದೇಕೆ?

ನಮ್ಮ ಶ್ವಾಸಕೋಶದೊಳಗೆ ಕೋಟಿಗಟ್ಟಲೆ ಸಣ್ಣ ಸಣ್ಣ ಗಾಳಿಚೀಲಗಳಿವೆ. ಅವುಗಳ ಒಳಮೈ ಸದಾ ಒದ್ದೆ. ಒದ್ದೆಯಾದ ಎರಡು ಗಾಜಿನ ತುಂಡುಗಳನ್ನು ಒಂದರ ಮೇಲೊಂದಿಟ್ಟು ಬಿಡಿಸಿ ನೋಡಿ, ಎಷ್ಟು ಬಲ ಬೇಕೆಂದು ತಿಳಿಯುತ್ತದೆ. ನೀರಿಗೆ ತನ್ನ ಮೈಯನ್ನು ತಾನೇ ಬಿಗಿಹಿಡಿಯುವ ಗುಣವಿದೆ. ಇದೇ ಬಿಗಿತದಿಂದ ಗಾಳಿಚೀಲಗಳು ಪ್ರತಿ ಸಲ ಉಸಿರು ಬಿಟ್ಟಾಗಲೂ ಮುದುಡಿ ಅಂಟಿಕೊಳ್ಳಬೇಕಾಗಿತ್ತು. ಹಾಗೆ ಆಗದಂತೆ ಶ್ವಾಸಕೋಶವೇ ಒಂದು ಬಗೆಯ ಜಿಡ್ಡನ್ನು ತಯಾರಿಸಿ ಚೀಲಗಳ ಒಳಮೈಗೆ ಬಳಿದುಕೊಳ್ಳುತ್ತದೆ. ಸೋಪು ಬೆರೆತ ನೀರು ಬಿಗಿ ಕಳೆದುಕೊಂಡು ನೊರೆಯಾಗಿ ನಿಲ್ಲುವಂತೆ, ಈ ಜಿಡ್ಡಿದ್ದಲ್ಲಿ ಚೀಲಗಳು ತೆರೆದೇ ಇರುತ್ತವೆ. ವೈದ್ಯರು ಇದನ್ನು ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ಇಂದಿನ ಮಾತಿನಲ್ಲಿ ನಾವು ಜಿಡ್ಡು ಎಂದೇ ಕರೆಯೋಣ.

ತಾಯಿಯ ಹೊಟ್ಟೆಯಲ್ಲಿ ಸುಮಾರು ೨೪ ವಾರದ ಹೊತ್ತಿಗೆ ಈ ಜಿಡ್ಡಿನ ತಯಾರಿಕೆ ಮೊದಲಾಗುತ್ತದೆ. ಸಾಕಷ್ಟು ಆಗುವುದು ೩೪-೩೫ ವಾರದ ಹೊತ್ತಿಗೆ. ಅದಕ್ಕೆ ಮೊದಲೇ ಹುಟ್ಟಿದ ಕೂಸಿನ ಗಾಳಿಚೀಲಗಳು ಉಸಿರು ಬಿಟ್ಟೊಡನೆ ಮುಚ್ಚಿಕೊಳ್ಳುತ್ತವೆ. ಹೊಸ ಬಲೂನನ್ನು ಮೊದಲ ಸಲ ಊದುವಾಗಿನ ಕಷ್ಟವನ್ನು ಆ ಕೂಸು ಪ್ರತಿ ಉಸಿರಿಗೂ ಪಡಬೇಕು. ಬೆಳೆದ ಗಂಡಸೂ ಸೋಲುವ ದುಡಿಮೆ ಅದು. ಒಂದೆರಡು ದಿನದಲ್ಲಿ ಕೂಸು ದಣಿಯುತ್ತದೆ. ದಣಿದ ಕೂಸು ಉಸಿರು ಬಿಡುತ್ತದೆ.

ಏಳು ತಿಂಗಳ ಕೂಸು ಉಳಿದೀತು, ಎಂಟು ತಿಂಗಳದ್ದು ಉಳಿಯದು ಎಂಬ ಮಾತನ್ನು ಕೆಲವು ಕಡೆ ಇಂದಿಗೂ ಕೇಳುತ್ತೇವೆ. ಇದು ಶುದ್ಧ ಸುಳ್ಳು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಶ್ವಾಸಕೋಶಕ್ಕೆ ಬಲ ಕೊಡುತ್ತದೆ. ಎಂಟು ತಿಂಗಳ ಕೂಸೆಂದು ಕೈಚೆಲ್ಲಿ ಕೂರುವ ಮನೆಯವರು ಉಳಿಯಬಲ್ಲ ಜೀವವನ್ನೇ ಕಳೆದುಕೊಳ್ಳುತ್ತಾರೆ.

ಲಕ್ಷಣಗಳನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ನಿಮಿಷಕ್ಕೆ ೬೦ಕ್ಕಿಂತ ಹೆಚ್ಚು ಸಲ ಉಸಿರಾಡುವುದು; ಮೂಗಿನ ಹೊಳ್ಳೆ ಅರಳುವುದು; ಉಸಿರೆಳೆದಾಗ ಪಕ್ಕೆಗಳ ನಡುವೆ, ಎದೆಯ ಕೆಳಗೆ ಗುಳಿ ಬೀಳುವುದು; ಉಸಿರು ಬಿಡುವಾಗ ನರಳಿದಂತೆ ಸದ್ದು ಬರುವುದು; ತುಟಿ ನಾಲಿಗೆ ನೀಲಿಗಟ್ಟುವುದು. ಇವುಗಳಲ್ಲಿ ಒಂದು ಕಂಡರೂ ಗಳಿಗೆ ನೋಡದೆ, ಹರಕೆ ಹೊರುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು.

ಅಧ್ಯಕ್ಷನ ಮಗುವಿಗೂ ಇಲ್ಲದ ಮದ್ದು

ಬಹುಕಾಲ ಈ ರೋಗದ ಕಾರಣವೇ ತಿಳಿದಿರಲಿಲ್ಲ. ಸತ್ತ ಕೂಸಿನ ಶ್ವಾಸಕೋಶದಲ್ಲಿ ಗಾಜಿನಂಥ ಪೊರೆಯೊಂದು ಕಾಣುತ್ತಿತ್ತು. ಆ ಪೊರೆಯೇ ರೋಗವೆಂದು ವೈದ್ಯರು ಬಗೆದಿದ್ದರು. ೧೯೫೯ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಮೇರಿ ಎಲೆನ್ ಏವರಿ ಎಂಬ ವೈದ್ಯೆಯು ಜೆರೆ ಮೀಡ್ ಎಂಬುವರೊಡನೆ ಕೆಲಸ ಮಾಡಿ, ಈ ಕೂಸುಗಳಲ್ಲಿ ಆ ಜಿಡ್ಡಿನ ಕೊರತೆಯಿದೆಯೆಂದು ತೋರಿಸಿಕೊಟ್ಟಳು. ಇಷ್ಟು ದಿನ ಕೂಸಿನಲ್ಲಿ ಏನು ಹೆಚ್ಚಾಗಿದೆಯೆಂದು ಹುಡುಕುತ್ತಿದ್ದವರಿಗೆ ಏನು ಕಡಿಮೆಯಾಗಿದೆಯೆಂದು ಆಕೆ ಹೇಳಿದಳು.

ಕಾರಣ ತಿಳಿದರೂ ಮದ್ದು ಕೈಗೆ ಬಂದಿರಲಿಲ್ಲ. ೧೯೬೩ರ ಆಗಸ್ಟ್ ೭ರಂದು ಅಮೆರಿಕದ ಅಂದಿನ ಅಧ್ಯಕ್ಷ ಜಾನ್ ಕೆನಡಿಯವರಿಗೆ ಗಂಡುಮಗು ಹುಟ್ಟಿತು. ಪ್ಯಾಟ್ರಿಕ್ ಎಂದು ಹೆಸರಿಟ್ಟರು. ದಿನಕ್ಕೆ ಸುಮಾರು ಐದೂವರೆ ವಾರ ಮೊದಲು ಹುಟ್ಟಿದ ಅದು ಸುಮಾರು ೨ ಕಿಲೋ ೧೦೦ ಗ್ರಾಂ ತೂಗುತ್ತಿತ್ತು. ಅದನ್ನು ಬೋಸ್ಟನ್ನಿಗೆ ಒಯ್ದರು, ಹೆಸರಾಂತ ವೈದ್ಯರು ಕೂಡಿದರು, ಹೆಚ್ಚಿನ ಒತ್ತಡದ ಪ್ರಾಣವಾಯುವಿನ ಕೋಣೆಯಲ್ಲಿಟ್ಟು ನೋಡಿದರು. ಹುಟ್ಟಿದ ೩೯ ಗಂಟೆಗೆ ಮಗು ತೀರಿಕೊಂಡಿತು. ಅಂದು ಈ ರೋಗದೆದುರು ಅಧ್ಯಕ್ಷನ ಮಗುವೂ ಕೂಲಿಯವನ ಮಗುವೂ ಒಂದೇ ಆಗಿದ್ದವು. ಯಾರ ಬಳಿಯೂ ಮದ್ದಿರಲಿಲ್ಲ. ಅಜ್ಞಾನ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿತ್ತು.

ಕೂಸೇ ಕಲಿಸಿದ ಚಿಕಿತ್ಸೆ

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮೂರು ದೊಡ್ಡ ಮದ್ದುಗಳು ಬಂದವು.

ಮೊದಲನೆಯದನ್ನು ಕೂಸೇ ಕಲಿಸಿತೆನ್ನಬೇಕು. ಉಸಿರು ಬಿಡುವಾಗ ಅದು ನರಳುವ ಸದ್ದು ಮಾಡುತ್ತದೆಯೆಂದು ಹೇಳಿದೆನಷ್ಟೆ. ಆ ಸದ್ದು ಬರುವುದು ಕೂಸು ಗಂಟಲನ್ನು ಅರೆ ಮುಚ್ಚಿ, ಗಾಳಿಯೆಲ್ಲ ಒಮ್ಮೆಗೇ ಹೊರಹೋಗದಂತೆ ತಡೆಯುವುದರಿಂದ. ಒಳಗೆ ತುಸು ಒತ್ತಡ ಉಳಿದರೆ ಚೀಲಗಳು ಪೂರ್ತಿ ಮುಚ್ಚುವುದಿಲ್ಲ. ೧೯೭೧ರಲ್ಲಿ ಸಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಇದೇ ಒತ್ತಡವನ್ನು ಹೊರಗಿನಿಂದ ಕೊಟ್ಟು ೨೦ ಕೂಸುಗಳಿಗೆ ಚಿಕಿತ್ಸೆ ಮಾಡಿದ್ದನ್ನು ವರದಿ ಮಾಡಿದರು. ಅವುಗಳಲ್ಲಿ ೧೬ ಉಳಿದವು. ಇದಕ್ಕೆ ಇಂದು ಸಿ-ಪ್ಯಾಪ್ ಎಂದು ಹೆಸರು. ಇದರ ಒಂದು ಸರಳ ರೂಪವನ್ನು ಯಾರು ಬೇಕಾದರೂ ಅರ್ಥಮಾಡಿಕೊಳ್ಳಬಹುದು. ಕೂಸಿನ ಮೂಗಿಗೆ ಮೆದು ಕೊಳವೆ ಇಟ್ಟು ಬಿಸುಪಾದ, ತೇವವಾದ ಗಾಳಿ ಮತ್ತು ಪ್ರಾಣವಾಯುವಿನ ಮಿಶ್ರಣ ಹಾಯಿಸುತ್ತಾರೆ; ಹೊರಹೋಗುವ ಕೊಳವೆಯ ತುದಿಯನ್ನು ನೀರಿನ ಸೀಸೆಯಲ್ಲಿ ೫ ಸೆಂಟಿಮೀಟರ್ ಮುಳುಗಿಸುತ್ತಾರೆ. ಎಷ್ಟು ಆಳ ಮುಳುಗಿಸಿದರೆ ಅಷ್ಟು ಒತ್ತಡ. ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಕೆಲಸ ನಡೆಯುತ್ತಿದೆಯೆಂದು ಲೆಕ್ಕ. ೨೦೦೮ ಮತ್ತು ೨೦೧೦ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳು, ತೀರ ಸಣ್ಣ ಕೂಸುಗಳಿಗೂ ಹುಟ್ಟಿದೊಡನೆ ಇದನ್ನೇ ಮೊದಲ ಚಿಕಿತ್ಸೆಯಾಗಿ ಕೊಡಬಹುದೆಂದು ತೋರಿಸಿದವು.

ಎರಡನೆಯ ಮದ್ದು ಕೂಸು ಹುಟ್ಟುವ ಮೊದಲೇ ತಾಯಿಗೆ ಕೊಡುವಂಥದು. ನ್ಯೂಜಿಲೆಂಡ್ ಕುರಿಗಳ ದೇಶ. ಅಲ್ಲಿ ಆಕ್ಲೆಂಡ್ ನಗರದ ಲಿಗಿನ್ಸ್ ಎಂಬ ವೈದ್ಯನು ಕುರಿಗಳಲ್ಲಿ ಹೆರಿಗೆಯ ಕಾರಣವನ್ನು ಹುಡುಕುತ್ತಿದ್ದಾಗ, ಸ್ಟೆರಾಯ್ಡ್ ಪಡೆದ ಮರಿಗಳು ಅವಧಿಗೆ ಬಹಳ ಮೊದಲೇ ಹುಟ್ಟಿದರೂ ಉಸಿರಾಡಿದ್ದನ್ನು ಕಂಡನು. ಸಂಗಡಿಗ ಹೋವಿಯೊಡನೆ ಸೇರಿ ೨೮೨ ತಾಯಂದಿರಲ್ಲಿ ಪರೀಕ್ಷೆ ಮಾಡಿ ೧೯೭೨ರಲ್ಲಿ ಫಲಿತಾಂಶ ಪ್ರಕಟಿಸಿದನು. ಮದ್ದು ಪಡೆಯದವರ ಕೂಸುಗಳಲ್ಲಿ ನೂರಕ್ಕೆ ೧೫ ಮೊದಲ ದಿನಗಳಲ್ಲೇ ಸತ್ತರೆ, ಮದ್ದು ಪಡೆದವರಲ್ಲಿ ನೂರಕ್ಕೆ ೩ರಷ್ಟು ಮಾತ್ರ. ಇಷ್ಟು ಸ್ಪಷ್ಟವಾಗಿದ್ದರೂ ಅಮೆರಿಕದ ವೈದ್ಯ ಪಂಡಿತರು ಸಭೆ ಸೇರಿ ಇದನ್ನು ಎಲ್ಲೆಡೆ ಬಳಸಿರೆಂದು ಹೇಳಿದ್ದು ೧೯೯೪ರಲ್ಲಿ. ೨೨ ವರ್ಷ ಕಳೆದಿತ್ತು! ಆ ನಡುವೆ ಸತ್ತ ಎಷ್ಟೋ ಕೂಸುಗಳಿಗೆ ಮದ್ದಿಲ್ಲದೆ ಹೋಗಿರಲಿಲ್ಲ, ಕೊಡುವವರಿಲ್ಲದೆ ಹೋಗಿದ್ದರು.

ಮೂರನೆಯದು ಜಿಡ್ಡನ್ನೇ ಹೊರಗಿನಿಂದ ಕೊಡುವುದು. ೧೯೮೦ರಲ್ಲಿ ಜಪಾನಿನ ಫುಜಿವಾರಾ ಎಂಬ ವೈದ್ಯನು ದನದ ಶ್ವಾಸಕೋಶದಿಂದ ತಯಾರಿಸಿದ ಜಿಡ್ಡನ್ನು ೧೦ ಕೂಸುಗಳ ಶ್ವಾಸನಾಳಕ್ಕೆ ಬಿಟ್ಟು ಗುಣ ಕಂಡನು. ಇಂದು ದನದ ಅಥವಾ ಹಂದಿಯ ಶ್ವಾಸಕೋಶದಿಂದ ಮಾಡಿದ ಈ ಔಷಧಿ ನಮ್ಮ ದೇಶದಲ್ಲೂ ಸಿಗುತ್ತದೆ. ಆದರೆ ಒಂದು ಸೀಸೆಗೆ ಹಲವು ಸಾವಿರ ರೂಪಾಯಿ ಬೆಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇದು ಸೇರಿದೆ. ಅಗತ್ಯವೆಂದು ಕರೆದ ಮದ್ದು ಕೂಲಿಕಾರನ ಒಂದು ತಿಂಗಳ ಗಳಿಕೆಯನ್ನು ನುಂಗುವಂತಿದ್ದರೆ ಆ ಪಟ್ಟಿಗೆ ಅರ್ಥವೇನು?

ಮದ್ದೇ ಮುಳ್ಳಾಗುವುದುಂಟು

ಇಲ್ಲಿ ಒಂದು ಎಚ್ಚರಿಕೆಯ ಮಾತು. ಉಸಿರು ಕಟ್ಟಿದ ಕೂಸಿಗೆ ಪ್ರಾಣವಾಯು ಕೊಡಬೇಕು, ನಿಜ. ಎಷ್ಟು ಹೆಚ್ಚು ಕೊಟ್ಟರೆ ಅಷ್ಟು ಒಳ್ಳೆಯದೆಂದು ೧೯೪೦ರ ದಶಕದಲ್ಲಿ ಮುಂದುವರಿದ ದೇಶಗಳ ಆಸ್ಪತ್ರೆಗಳು ನಂಬಿದ್ದವು. ಅದರ ಫಲವಾಗಿ ಸುಮಾರು ಹತ್ತು ಸಾವಿರ ಕೂಸುಗಳು ಕುರುಡಾದವು. ಅತಿಯಾದ ಪ್ರಾಣವಾಯುವಿನಿಂದ ಕಣ್ಣಿನ ಒಳಪದರದ ಎಳೆ ರಕ್ತನಾಳಗಳು ಕೆಡುತ್ತವೆಂದು ೧೯೫೦ರ ದಶಕದ ಮೊದಲ ಭಾಗದಲ್ಲಿ ಖಚಿತವಾಯಿತು. ಆಗ ಗಾಬರಿಯಿಂದ ವಿಪರೀತ ಕಡಿತ ಮಾಡಿದರು. ಸಾಲದೆ ಬೇರೆ ಕೂಸುಗಳು ಸತ್ತವು. ಇಂದು ರಕ್ತದಲ್ಲಿ ಪ್ರಾಣವಾಯು ಎಷ್ಟಿದೆಯೆಂದು ಕಾಲಿಗೆ ಕಟ್ಟಿದ ಸಣ್ಣ ಯಂತ್ರ ಹೇಳುತ್ತದೆ. ಅದನ್ನು ನೋಡುತ್ತ ನೂರಕ್ಕೆ ೯೦ರಿಂದ ೯೫ರ ಮಟ್ಟದಲ್ಲಿಡಬೇಕು. ಯಂತ್ರವಿದ್ದರೆ ಸಾಲದು, ಅದನ್ನು ನೋಡುವ ಕಣ್ಣು ರಾತ್ರಿ ಎರಡು ಗಂಟೆಗೂ ಎಚ್ಚರವಿರಬೇಕು.

ಇಂತಹ ಕೂಸುಗಳ ಕಣ್ಣನ್ನು ತಿಂಗಳೊಳಗೆ ಪರೀಕ್ಷಿಸಿದರೆ ಕುರುಡನ್ನು ತಡೆಯಬಹುದು. ನಮ್ಮ ರಾಜ್ಯದಲ್ಲಿ ೨೦೦೮ರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆ ಈ ಕೆಲಸ ಮಾಡುತ್ತ ಬಂದಿದೆ. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ನೋಡಿ ತೀರ್ಮಾನ ಹೇಳುತ್ತಾರೆ. ರೋಗಿ ನಗರಕ್ಕೆ ಅಲೆಯುವ ಬದಲು ವಿದ್ಯೆಯೇ ಹಳ್ಳಿಗೆ ಬಂದರೆ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ.

ಒಂದೇ ಸೂಜಿ, ಎರಡು ಫಲ

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ತಾಯಿಗೆ ಕೊಡುವ ಸ್ಟೆರಾಯ್ಡ್ ಸೂಜಿಮದ್ದು ಅಗ್ಗ. ಡೆಕ್ಸಾಮೆಥಸೋನ್ ಎಂಬ ಈ ಔಷಧಿ ೧೨ ಗಂಟೆಗೊಮ್ಮೆಯಂತೆ ನಾಲ್ಕು ಸೂಜಿಗೆ ಆಗುವ ಖರ್ಚು ಅತ್ಯಲ್ಪ. ಹಾಗಾದರೆ ಇದನ್ನು ಹಳ್ಳಿ ಹಳ್ಳಿಯಲ್ಲೂ ಹಂಚಿಬಿಟ್ಟರೆ ಕೆಲಸ ಮುಗಿಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಪ್ರಯೋಗವೂ ನಡೆಯಿತು. ಆರು ದೇಶಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳನ್ನೊಳಗೊಂಡ ಪರೀಕ್ಷೆ ಅದು. ನಮ್ಮ ಬೆಳಗಾವಿಯೂ ಒಂದು ಕ್ಷೇತ್ರ. ಫಲಿತಾಂಶ ೨೦೧೫ರಲ್ಲಿ ಬಂತು. ತೀರ ಸಣ್ಣ ಕೂಸುಗಳ ಸಾವು ತಗ್ಗಲಿಲ್ಲ. ಒಟ್ಟಾರೆ ಕೂಸುಗಳ ಸಾವಂತೂ ಸಾವಿರಕ್ಕೆ ಸುಮಾರು ೨೪ ಇದ್ದಲ್ಲಿ ೨೭ಕ್ಕೆ ಏರಿತ್ತು. ತಾಯಂದಿರಲ್ಲಿ ನಂಜಿನ ಶಂಕೆಯೂ ಹೆಚ್ಚಾಗಿತ್ತು.

ಐದು ವರ್ಷದ ತರುವಾಯ, ೨೦೨೦ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯ ಈ ಐದು ದೇಶಗಳ ೨೯ ಆಸ್ಪತ್ರೆಗಳಲ್ಲಿ ೨೮೫೨ ತಾಯಂದಿರು ಸೇರಿದ್ದರು. ಅದೇ ಔಷಧಿ. ಈ ಸಲ ಮದ್ದು ಪಡೆಯದವರಲ್ಲಿ ನೂರಕ್ಕೆ ೨೩.೫ ಕೂಸುಗಳು ಸತ್ತರೆ, ಪಡೆದವರಲ್ಲಿ ೧೯.೬. ಎಂದರೆ ಸುಮಾರು ೨೫ ತಾಯಂದಿರಿಗೆ ಮದ್ದು ಕೊಟ್ಟಲ್ಲಿ ಒಂದು ಜೀವ ಉಳಿದಂತಾಯಿತು.

ಔಷಧಿ ಒಂದೇ, ನಾಡುಗಳೂ ಹೆಚ್ಚುಕಡಿಮೆ ಅಂಥವೇ. ಫಲ ಬೇರೆಯಾದದ್ದು ಹೇಗೆ? ಮೊದಲ ಪರೀಕ್ಷೆಯಲ್ಲಿ ಎಷ್ಟನೆಯ ವಾರವೆಂಬುದು ಸರಿಯಾಗಿ ತಿಳಿಯದೆ, ದಿನ ತುಂಬುವ ತಾಯಂದಿರಿಗೂ ಸೂಜಿ ಬಿತ್ತು. ಹುಟ್ಟಿದ ಮೇಲೆ ಕೂಸನ್ನು ನೋಡಿಕೊಳ್ಳುವ ಏರ್ಪಾಡೂ ಎಲ್ಲೆಡೆ ಇರಲಿಲ್ಲ. ಎರಡನೆಯದರಲ್ಲಿ ಅಲ್ಟ್ರಾಸೌಂಡ್ ಮೂಲಕ ವಾರ ಗೊತ್ತುಮಾಡಿದ್ದರು. ಹೆರಿಗೆ ಹತ್ತಿರವೆಂದು ವೈದ್ಯರು ನಿಶ್ಚಯಿಸಿದ್ದರು. ಆಸ್ಪತ್ರೆಯಲ್ಲಿ ಕೂಸಿಗೆ ಉಸಿರಾಟದ ಆಸರೆ ಸಿದ್ಧವಿತ್ತು. ಸೂಜಿಯೊಂದನ್ನು ಕಳಿಸಿ ಕೈತೊಳೆದುಕೊಳ್ಳುವ ಸರಕಾರಗಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಡ. ಸೂಜಿ, ಪರೀಕ್ಷೆ, ಗಾಡಿ, ಹಾಸಿಗೆ, ದಾದಿ ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಒಂದು ಕಳಚಿದರೆ ಮಿಕ್ಕವು ನಿಷ್ಪ್ರಯೋಜಕ; ಕೆಲವೊಮ್ಮೆ ಅಪಾಯಕರ.

ಬೆಲೆ ಇಲ್ಲದ ಮದ್ದುಗಳು

ಎಲ್ಲಕ್ಕೂ ಹಣ ಬೇಕೆಂದು ತಿಳಿಯಬೇಡಿ. ಚಳಿ ಹಿಡಿದ ಕೂಸಿಗೆ ಪ್ರಾಣವಾಯು ಹೆಚ್ಚು ಬೇಕಾಗುತ್ತದೆ, ಉಸಿರಾಟ ಇನ್ನಷ್ಟು ಕೆಡುತ್ತದೆ. ಆದಕಾರಣ ಹುಟ್ಟಿದೊಡನೆ ಸ್ನಾನ ಮಾಡಿಸುವುದು ತಪ್ಪು. ಒರೆಸಿ ಒಣಗಿಸಿ, ತಲೆಗೆ ಕುಲಾವಿ ಹಾಕಿ, ತಾಯಿಯ ಬರಿಯ ಎದೆಗೆ ಅಂಟಿಸಿ ಹೊದೆಸಬೇಕು. ೧೯೭೮ರಲ್ಲಿ ಕೊಲಂಬಿಯ ದೇಶದ ಬೊಗೋಟಾ ನಗರದಲ್ಲಿ, ಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಹಲವು ಕೂಸುಗಳನ್ನಿಡುತ್ತಿದ್ದ ಬಡವರ ಆಸ್ಪತ್ರೆಯಲ್ಲಿ ಈ ಕ್ರಮ ಹುಟ್ಟಿತು. ಕಾಂಗರೂ ಆರೈಕೆ ಎಂದು ಅದಕ್ಕೆ ಹೆಸರು. ಭಾರತವೂ ಸೇರಿದ ಐದು ದೇಶಗಳ ಪರೀಕ್ಷೆ ೨೦೨೧ರಲ್ಲಿ ತೋರಿಸಿದಂತೆ, ಕೂಸಿನ ಸ್ಥಿತಿ ಸುಧಾರಿಸಲೆಂದು ಕಾಯದೆ ಹುಟ್ಟಿದೊಡನೆ ತಾಯಿಯ ಎದೆಗೆ ಕೊಟ್ಟಲ್ಲಿ ಸಾವು ನೂರಕ್ಕೆ ೧೫.೭ರಿಂದ ೧೨ಕ್ಕೆ ಇಳಿಯಿತು. ಇದಕ್ಕೆ ತಾಯಿಯನ್ನು ಕೂಸಿನ ಕೋಣೆಯಿಂದ ಹೊರಗಟ್ಟುವ ಹಳೆಯ ಪದ್ಧತಿ ಹೋಗಬೇಕು. ಅವಳಿಗೊಂದು ಮಂಚ, ಎರಡು ಹೊತ್ತಿನ ಊಟ ಆಸ್ಪತ್ರೆಯಲ್ಲಿ ಸಿಗಬೇಕು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರಕಾರಿ ಆಸ್ಪತ್ರೆ ಮತ್ತು ಮನೆಗಳಲ್ಲಿ ಈ ಆರೈಕೆಯನ್ನು ವ್ಯಾಪಕವಾಗಿ ನಡೆಸಿ ನೋಡಿದ್ದಾರೆ. ಹಿಂದುಳಿದ ಜಿಲ್ಲೆಯೆಂಬುದು ಅಡ್ಡಿಯಾಗಲಿಲ್ಲ.

ಇನ್ನೊಂದು ಅಗ್ಗದ ಮದ್ದು ನಮಗೆ ಹತ್ತಿರದ್ದು. ದಿನ ತುಂಬದ ಕೂಸಿನ ಮಿದುಳು ಇನ್ನೂ ಎಳೆಯದಾದ್ದರಿಂದ ಉಸಿರಾಡುವುದನ್ನೇ ಮಧ್ಯೆ ಮಧ್ಯೆ ಮರೆಯುತ್ತದೆ. ಆಗ ಕೊಡುವ ಔಷಧಿ ಕೆಫೀನ್. ಕಾಫಿಯಲ್ಲಿರುವ ಸತ್ವವೇ ಅದು. ಸುಮಾರು ೨೦೦೦ ಕೂಸುಗಳ ಮೇಲೆ ನಡೆದು ೨೦೦೬ರಲ್ಲಿ ಪ್ರಕಟವಾದ ಪರೀಕ್ಷೆ, ಇದರಿಂದ ಶ್ವಾಸಕೋಶದ ಮುಂದಿನ ಕಾಯಿಲೆ ಕಡಿಮೆಯಾಗುವುದೆಂದು ತೋರಿಸಿತು. ಹಾಗೆಂದು ಯಾರೂ ಕೂಸಿನ ಬಾಯಿಗೆ ಕಾಫಿ ಹನಿಸಬಾರದು! ತೂಕ ನೋಡಿ ಅಳೆದು ಕೊಡುವ ಶುದ್ಧ ಔಷಧಿ ಬೇರೆ, ಅಡುಗೆಮನೆಯ ಡಿಕಾಕ್ಷನ್ ಬೇರೆ. ಹಾಗೆಯೇ ಮೂಗಿಗೆ ಎಣ್ಣೆ ಬಿಡುವುದು, ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದು ಇವನ್ನೂ ಬಿಡಬೇಕು. ಉಸಿರಿಗೆ ಒದ್ದಾಡುವ ಜೀವಕ್ಕೆ ಹೊಗೆ ವಿಷ.

ನಾವು ಕೇಳಬೇಕಾದ್ದು

೨೦೦೩ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯದಲ್ಲಿ, ಹಿಂದುಳಿದ ಜಿಲ್ಲೆಯೊಂದರ ಸರಕಾರಿ ಆಸ್ಪತ್ರೆಯಲ್ಲಿ, ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಮೊದಲಾಯಿತು. ಅದೇ ಮಾದರಿ ಇಂದು ದೇಶದ ಜಿಲ್ಲಾಸ್ಪತ್ರೆಗಳಲ್ಲಿ ಹರಡಿದೆ. ೨೦೧೧ರ ಜೂನ್‌ನಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ತಾಯಿಗೂ ಕಾಯಿಲೆಯ ಕೂಸಿಗೂ ಚಿಕಿತ್ಸೆ, ಔಷಧಿ, ಪರೀಕ್ಷೆ, ಗಾಡಿ ಎಲ್ಲವೂ ಉಚಿತ. ಇದು ಯಾರೋ ಕೊಡುವ ಭಿಕ್ಷೆಯಲ್ಲ, ನಮ್ಮ ಹಕ್ಕು. ಔಷಧಿ ಹೊರಗಿನಿಂದ ತನ್ನಿ ಎಂದು ಚೀಟಿ ಬರೆದುಕೊಟ್ಟರೆ ಏಕೆಂದು ಕೇಳಿರಿ.

ಘಟಕ ತೆರೆದು ಫಲಕ ಹಾಕಿದರೆ ಮುಗಿಯಲಿಲ್ಲ. ೨೦೨೧ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯ ಇಂತಹುದೇ ಘಟಕದಲ್ಲಿ ಬೆಂಕಿ ಬಿದ್ದು ೧೦ ಕೂಸುಗಳು ಸತ್ತವು. ೨೦೨೪ರ ನವೆಂಬರಿನಲ್ಲಿ ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲೂ ಶಿಶುಗಳ ಘಟಕಕ್ಕೆ ಬೆಂಕಿ ಬಿದ್ದಿತು. ಪ್ರಾಣವಾಯು ತುಂಬಿದ ಕೋಣೆಯಲ್ಲಿ ಒಂದು ಕಿಡಿ ಸಾಕು. ಯಂತ್ರ ಕೊಳ್ಳುವಾಗ ಇರುವ ಉತ್ಸಾಹ ಅದನ್ನು ಕಾಪಾಡುವುದರಲ್ಲೂ ಇರಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಖಚಿತವಾಗಿರಲಿ. ಒಂದು, ಪ್ರತಿ ಬಸುರಿಗೂ ಮೊದಲ ತಿಂಗಳುಗಳಲ್ಲೇ ಅಲ್ಟ್ರಾಸೌಂಡ್ ಪರೀಕ್ಷೆ ತಾಲೂಕಿನಲ್ಲಿ ಉಚಿತವಾಗಿ ಆಗಬೇಕು. ವಾರ ತಿಳಿಯದೆ ಚಿಕಿತ್ಸೆಯಿಲ್ಲ. ಎರಡು, ಅವಧಿಗೆ ಮೊದಲೇ ನೋವು ಕಂಡ ತಾಯಿಗೆ ಸ್ಟೆರಾಯ್ಡ್ ಸೂಜಿ ತಡವಿಲ್ಲದೆ ದೊರೆತು, ಕೂಸು ಹೊಟ್ಟೆಯಲ್ಲಿರುವಾಗಲೇ ಆಕೆ ತಕ್ಕ ಆಸ್ಪತ್ರೆ ಸೇರಬೇಕು; ತಾಯಿಯ ಗರ್ಭಕ್ಕಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ. ಮೂರು, ಜಿಲ್ಲಾಸ್ಪತ್ರೆಯಲ್ಲಿ ಸಿ-ಪ್ಯಾಪ್, ಕೆಫೀನ್, ಸರ್ಫ್ಯಾಕ್ಟಂಟ್ ಹಗಲೂ ರಾತ್ರಿಯೂ ಇರಬೇಕು. ಅವನ್ನು ಬಳಸಬಲ್ಲ ದಾದಿಯರು ಕಾಯಂ ನೌಕರರಾಗಿರಬೇಕು, ಮೂರು ತಿಂಗಳಿಗೊಮ್ಮೆ ಬದಲಾಗುವವರಲ್ಲ. ನಾಲ್ಕು, ವಿದ್ಯುತ್ತು, ಪ್ರಾಣವಾಯು, ಅಗ್ನಿರಕ್ಷಣೆ ಇವುಗಳ ತಪಾಸಣೆಯ ವರದಿ ಜನರಿಗೆ ಕಾಣುವಂತಿರಬೇಕು.

ಕೊನೆಯದಾಗಿ, ಎಲ್ಲಕ್ಕೂ ಬುಡದ ಮಾತು. ಕೂಸು ದಿನ ತುಂಬದೆ ಹುಟ್ಟುವುದೇಕೆ? ಅವಳಿ ಬಸಿರು, ರಕ್ತದೊತ್ತಡ, ನಂಜು ಹೀಗೆ ಕಾರಣಗಳು ಹಲವು. ಎಷ್ಟೋ ಸಲ ಕಾರಣ ತಿಳಿಯುವುದೇ ಇಲ್ಲ. ಆದರೆ ಎಳೆವಯಸ್ಸಿನ ಮದುವೆ, ಮೇಲಿಂದ ಮೇಲೆ ಬಸಿರು, ರಕ್ತಹೀನತೆ, ಮೈಮುರಿಯುವ ದುಡಿಮೆ ಇವು ಅಪಾಯವನ್ನು ಹೆಚ್ಚಿಸುತ್ತವೆಂಬುದರಲ್ಲಿ ಸಂದೇಹವಿಲ್ಲ. ಹೆರಿಗೆ ಸೌಲಭ್ಯದ ಕಾನೂನು ನಮ್ಮಲ್ಲಿ ೧೯೬೧ರಲ್ಲೇ ಆಯಿತು. ೨೦೧೭ರಲ್ಲಿ ಸಂಬಳದ ರಜೆಯನ್ನು ೨೬ ವಾರಕ್ಕೆ ಏರಿಸಿದರು. ಗದ್ದೆಯಲ್ಲಿ ನಾಟಿ ಮಾಡುವ, ಕಬ್ಬು ಕಡಿಯುವ, ಇಟ್ಟಿಗೆ ಹೊರುವ ಹೆಂಗಸಿಗೆ ಆ ೨೬ ವಾರದಲ್ಲಿ ಒಂದು ವಾರವಾದರೂ ಸಿಕ್ಕಿದೆಯೇ? ಬಸುರಿಯ ತಟ್ಟೆಗೆ ಅನ್ನ, ಬೆನ್ನಿಗೆ ವಿಶ್ರಾಂತಿ ಕೊಡದ ಸಮಾಜ ಅವಳ ಕೂಸಿಗೆ ಯಂತ್ರದಿಂದ ಉಸಿರು ಕೊಡಲು ಹೊರಟರೆ ಅದು ಬೇರಿಗೆ ನೀರೆರೆಯದೆ ಎಲೆಗೆ ಚಿಮುಕಿಸಿದಂತೆ.

ಮಿತ್ರರೇ, ಅರುವತ್ತು ವರ್ಷಗಳ ಹಿಂದೆ ಈ ಕೂಸುಗಳು ಸತ್ತಾಗ ಮನುಷ್ಯನಿಗೆ ತಿಳಿದಿಲ್ಲವೆಂದು ಸಮಾಧಾನ ಹೇಳಬಹುದಾಗಿತ್ತು. ಇಂದು ಆ ಮಾತು ಸಲ್ಲದು. ಇಂದು ತಿಳಿದಿದೆ, ಮದ್ದಿದೆ, ಬಹುಪಾಲು ಅಗ್ಗವೂ ಆಗಿದೆ. ಅದು ಯಾವ ಹಾಡಿಯ, ಯಾವ ಕೇರಿಯ ಕೂಸಿಗೆ ತಲುಪುತ್ತದೆ, ಯಾವುದಕ್ಕೆ ತಲುಪುವುದಿಲ್ಲ ಎಂಬುದನ್ನು ತೀರ್ಮಾನಿಸುವವರು ನಾವೇ. ಮುಂದಿನ ಸಲ ಜಿಲ್ಲಾಸ್ಪತ್ರೆಗೆ ಹೋದಾಗ ಮಕ್ಕಳ ಘಟಕದ ಬಾಗಿಲಲ್ಲಿ ನಿಂತು ಈ ನಾಲ್ಕು ಬೇಡಿಕೆಗಳನ್ನು ಒಂದೊಂದಾಗಿ ವಿಚಾರಿಸಿರಿ. ಉತ್ತರ ಬರದಿದ್ದರೆ ಗ್ರಾಮಸಭೆಯಲ್ಲಿ, ತಾಲೂಕು ಸಭೆಯಲ್ಲಿ, ಶಾಸಕರೆದುರು ಮತ್ತೆ ಕೇಳಿರಿ. ಕೂಸಿಗೆ ಕೂಗಲು ಉಸಿರಿಲ್ಲ. ಅದರ ಪರವಾಗಿ ಕೂಗುವ ಕೆಲಸ ನಮ್ಮದು.